299 ರೂಪಾಯಿಯ ಗುಲಾಬಿ ಸೆಂಟು: ನಾಲ್ಕು ಬಾಟಲಿ ಮುಗಿಸಿದ ಮೇಲೆ

ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಈ ಸೆಂಟಿನ ಪಂಪು ಕೊನೆಯ ತನಕ ಕೆಲಸ ಮಾಡುವುದಿಲ್ಲ. ತಳದಲ್ಲಿ ಒಂದು ಬೆರಳಷ್ಟು ಉಳಿದಾಗ ಒತ್ತಿದರೆ ಬರೀ ಗಾಳಿ ಬರುತ್ತದೆ. ಬಾಟಲಿ ಓರೆ ಮಾಡಿ ನೋಡಿದೆ. ಮೂತಿಯನ್ನು ಬಿಸಿನೀರಲ್ಲಿ ಅದ್ದಿ ನೋಡಿದೆ. ಪಿನ್ನು ಚುಚ್ಚಿಯೂ ನೋಡಿದೆ. ಉಹೂಂ. ಕತ್ತಿನ ಸುತ್ತ ತಗಡು ಬಿಗಿದಿರುವುದರಿಂದ ಬಿಚ್ಚೋಕೂ ಆಗಲ್ಲ. ನಾಲ್ಕು ಬಾಟಲಿ ಮುಗಿಸಿದ್ದೇನೆ, ನಾಲ್ಕರದ್ದೂ ಇದೇ ಕಥೆ. ಮಾರಿದವರಿಗೆ ಎರಡು ಸಲ ಬರೆದೆ. "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ಎರಡು ಸಲವೂ ಒಂದೇ ಉತ್ತರ ಬಂತು.

ಒಂದು ಒತ್ತಿಗೆ ಸುಮಾರು 0.1 ಮಿಲಿ ಬರುತ್ತದೆ ಅಂದರೆ 50 ಮಿಲಿಗೆ 500 ಒತ್ತು ಸಿಗಬೇಕು. ನಾನು ದಿನಕ್ಕೆ ನಾಲ್ಕು ಒತ್ತುತ್ತಿದ್ದೆ. ಮೂರೂವರೆ ತಿಂಗಳಿಗೆ ಪಂಪು ನಿಂತಿತು. ಲೆಕ್ಕ ಹಾಕಿದರೆ 80 ಒತ್ತು ಬಾಟಲಿಯಲ್ಲೇ ಉಳಿಯಿತು. ಅಂದರೆ ನನ್ನ 20 ದಿನದ ಸೆಂಟು. 299 ರೂಪಾಯಿ ಎಷ್ಟೋ ಜನಕ್ಕೆ ದೊಡ್ಡದಲ್ಲ. ನನಗೆ ಅದು ಒಂದು ಹುಡುಗನ ಒಂದು ವಾರದ ಟ್ಯೂಷನ್ ದುಡ್ಡು.

ಹಾಗಿದ್ದರೂ ಐದನೇ ಬಾಟಲಿ ಯಾಕೆ ತಗೊಂಡೆ ಅಂತ ಕೇಳ್ತೀರಿ ಅಲ್ವಾ? ಅದಕ್ಕೆ ನಮ್ಮ ಮನೆ ವಿಷಯ ಸ್ವಲ್ಪ ಹೇಳಬೇಕು.

ನಮ್ಮದು ದಾವಣಗೆರೆ. ಮಾವನವರದು ಬೆಣ್ಣೆ ದೋಸೆ ಹೋಟೆಲು, ಸಣ್ಣದು, ಆರು ಟೇಬಲ್ಲು. ಈಗಲೂ ಕಟ್ಟಿಗೆ ಒಲೆ. ಮಾವ ಹಂಚಿನ ಮುಂದೆ ನಿಲ್ಲುತ್ತಾರೆ. ನಾನು ಮತ್ತು ಅತ್ತೆ ಬೆಳಿಗ್ಗೆ ಐದಕ್ಕೇ ಶುರು: ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ, ಆಮೇಲೆ ಬೆಣ್ಣೆ. ಹಳ್ಳಿಯಿಂದ ಬರುವ ಬೆಣ್ಣೆಯನ್ನು ನೀರಲ್ಲಿ ತೊಳೆದು ಉಂಡೆ ಕಟ್ಟಿ ಇಡುವುದು ನನ್ನ ಪಾಲಿನ ಕೆಲಸ. ಹನ್ನೊಂದಕ್ಕೆ ಮುಗಿಯುತ್ತದೆ. ಮಧ್ಯಾಹ್ನದ ಮೇಲೆ ನಾನು ವಿದ್ಯಾನಗರದಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹದಿನೆಂಟು ಮಕ್ಕಳು, ಒಂದು ಫ್ಯಾನು.

ಬೆಣ್ಣೆ ಮತ್ತು ಹೊಗೆ ಸೇರಿದ ವಾಸನೆ ತಿನ್ನೋಕೆ ಬಂದವರಿಗೆ ಹಬ್ಬ. ಅದೇ ವಾಸನೆ ಕೂದಲಲ್ಲಿ ಕೂತರೆ ಬೇರೆ. ಸೀಗೆಕಾಯಿ, ಶಾಂಪೂ, ಎರಡು ಸಲ ಸ್ನಾನ, ಯಾವುದಕ್ಕೂ ಪೂರ್ತಿ ಹೋಗುವುದಿಲ್ಲ. ಒಂದು ದಿನ ಮುಂದಿನ ಬೆಂಚಿನ ಹುಡುಗಿ "ಮಿಸ್, ನೀವು ಬಂದ ಕೂಡಲೇ ಹೊಟ್ಟೆ ಹಸಿಯುತ್ತೆ" ಅಂದಳು. ಪ್ರೀತಿಯಿಂದಲೇ ಅಂದಿದ್ದು. ಆದರೂ ಅವತ್ತು ರಾತ್ರಿಯೇ ಕೂತು ಈ ಸೆಂಟು ತರಿಸಿದೆ. ಅದು ಹೋದ ವರ್ಷಕ್ಕಿಂತ ಹಿಂದಿನ ಯುಗಾದಿ. ಈಗ ಎರಡು ವರ್ಷಕ್ಕೆ ಎರಡು ತಿಂಗಳು ಕಮ್ಮಿ.

ಮೊದಲ ದಿನ ನಿಜವಾಗಿ ಬೇಜಾರಾಯಿತು. ಒತ್ತಿದ ಕೂಡಲೇ ಮೂಗಿಗೆ ಚುಚ್ಚುವ ಹಾಗೆ ಬಂತು. ಹೊಸ ಸೋಪಿನ ಕಾಗದ ಬಿಚ್ಚಿದಾಗ ಬರುವ ಗುಲಾಬಿ, ಜೊತೆಗೆ ಸ್ಪಿರಿಟ್ಟಿನ ಘಾಟು. ಹತ್ತು ನಿಮಿಷ ಕಿಟಕಿ ತೆಗೆದು ನಿಂತೆ. ಆಮೇಲೆ ನಿಧಾನಕ್ಕೆ ಘಾಟು ಇಳಿಯಿತು, ಒಳಗಿದ್ದ ತಣ್ಣನೆಯ ವಾಸನೆ ಹೊರಗೆ ಬಂತು. ಮದುವೆ ಮನೆ ಬಾಗಿಲಲ್ಲಿ ಪನ್ನೀರುದಾನಿಯಿಂದ ಚಿಮುಕಿಸುತ್ತಾರಲ್ಲ, ಅದೇ. ಗುಲಾಬಿಯಲ್ಲಿ ಫೀನೈಲ್ ಈಥೈಲ್ ಆಲ್ಕೋಹಾಲ್ ಅಂತ ಒಂದು ಅಂಶ ಇದೆ. ಅದು ನೀರಲ್ಲಿ ಚೆನ್ನಾಗಿ ಕರಗುವುದರಿಂದ ಹೂ ಬೇಯಿಸಿ ಬಟ್ಟಿ ಇಳಿಸುವಾಗ ಪನ್ನೀರಿನ ಪಾಲಿಗೆ ಹೋಗುತ್ತದೆ. ಈ ಸೆಂಟಿನಲ್ಲಿ ಅದನ್ನೇ ಧಾರಾಳವಾಗಿ ಹಾಕಿರಬೇಕು ಅಂತ ನನ್ನ ಮೂಗು ಹೇಳುತ್ತದೆ.

ಇದರಲ್ಲಿ ನಿಜವಾದ ಗುಲಾಬಿ ಎಣ್ಣೆ ಇದೆಯಾ ಅಂತ ಕೇಳುವವರಿಗೆ ಒಂದು ಮಾತು. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರರಿಂದ ನಾಲ್ಕು ಟನ್ ಹೂ ಬೇಕು, ಅದೂ ಬೆಳಗಿನ ಜಾವ ಕಿತ್ತಿದ್ದು. 299ಕ್ಕೆ ಅದು ಸಿಗುತ್ತದೆ ಅಂದುಕೊಳ್ಳುವುದು ತಪ್ಪು. ಹೂವಿನಲ್ಲಿ ವಾಸನೆ ಕೊಡುವ ಸಿಟ್ರೊನೆಲೋಲ್, ಜೆರಾನಿಯಾಲ್‌ಗಳನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಸೇರಿಸುತ್ತಾರೆ. ನನಗೆ ಅದರಲ್ಲಿ ಮೋಸ ಏನೂ ಕಾಣುವುದಿಲ್ಲ. ಬೊಕೆಗೆ ಕಟ್ಟುವ ಉದ್ದ ಕಡ್ಡಿಯ ಗುಲಾಬಿ ಮೂಸಿ ನೋಡಿ, ಹೂ ನಿಜ, ವಾಸನೆ ಇಲ್ಲವೇ ಇಲ್ಲ.

ನನ್ನ ತಕರಾರು ಬೇರೆಯದಿತ್ತು. ಆ ಒಳ್ಳೆಯ ವಾಸನೆ ಉಳಿಯುತ್ತಿರಲಿಲ್ಲ. ಡಬ್ಬಿ ಮೇಲೆ ಎಂಟು ಗಂಟೆ ಅಂತ ಹಾಕಿದ್ದಾರೆ. ಮೂರೂವರೆಗೆ ಹಾಕಿಕೊಂಡು ಹೊರಟರೆ ಐದೂವರೆಗೆ ಏನೂ ಇಲ್ಲ. ಏಪ್ರಿಲ್ ಬಿಸಿಲಲ್ಲಂತೂ ಆಟೋ ಇಳಿಯುವ ಹೊತ್ತಿಗೇ ಅರ್ಧ ಹೋಗಿರುತ್ತಿತ್ತು. ಸೆಂಟು ಹೋದ ಮೇಲೆ ಕೆಳಗಿನಿಂದ ಮತ್ತೆ ಬೆಣ್ಣೆ, ಹೊಗೆ. ಮೊದಲ ವರ್ಷ ಪೂರ್ತಿ ನಾನು ಇದನ್ನು ಬೆಣ್ಣೆಯ ಮೇಲಿನ ಜಗಳದ ಹಾಗೆ ಹಾಕಿಕೊಂಡೆ. ಕುತ್ತಿಗೆಗೆ, ಮಣಿಕಟ್ಟಿಗೆ, ದುಪಟ್ಟಾಗೆ. ಬಿಳಿ ದುಪಟ್ಟಾಗೆ ಮಾತ್ರ ಹಾಕಬೇಡಿ. ಸೆಂಟಿಗೆ ಗುಲಾಬಿ ಬಣ್ಣ ಬೆರೆಸಿದ್ದಾರೆ, ಕಲೆ ಕೂರುತ್ತದೆ. ನನ್ನ ಒಂದು ಒಳ್ಳೆ ದುಪಟ್ಟಾ ಹಾಗೇ ಹಾಳಾಯಿತು. ಮೊದಲ ಬಾಟಲಿಯನ್ನು ಕಿಟಕಿ ಪಕ್ಕ ಇಟ್ಟಿದ್ದೆ, ಎರಡೇ ತಿಂಗಳಿಗೆ ಬಿಸಿಲಿಗೆ ಬಣ್ಣ ಮಂಕಾಗಿ ವಾಸನೆ ಹುಳಿ ತಿರುಗಿತು. ಬೀರುವಿನಲ್ಲಿ ಇಡಿ.

ಮೂರನೇ ಬಾಟಲಿ ಮುಗಿಯುತ್ತಾ ಬಂದಿತ್ತು. ಇನ್ನು ಸಾಕು, ಮತ್ತೆ ತರಿಸುವುದು ಬೇಡ ಅಂತ ತೀರ್ಮಾನ ಮಾಡಿದ್ದೆ. ಫೆಬ್ರವರಿಯಲ್ಲಿ ಹೊನ್ನಾಳಿಯಲ್ಲಿ ನಮ್ಮವರ ಕಡೆ ಒಂದು ಮದುವೆ. ಬೆಳಿಗ್ಗೆ ಆರಕ್ಕೇ ತಲೆ ಬಾಚಿ, ಸೆಂಟು ಹಾಕಿ ರೆಡಿಯಾಗಿ ಕೂತಿದ್ದೆ, ಸೀರೆ ಒಂದೇ ಬಾಕಿ. ಅಷ್ಟರಲ್ಲಿ ಅತ್ತೆಗೆ ಸೊಂಟ ಹಿಡಿಯಿತು. ಭಾನುವಾರ ಬೇರೆ, ಹೋಟೆಲ್ ಮುಂದೆ ಜನ ನಿಂತಿದ್ದಾರೆ. ಹಳೇ ನೈಟಿಯಲ್ಲೇ ಹೋಗಿ ಬೆಣ್ಣೆ ಪಾತ್ರೆ ಮುಂದೆ ಕೂತೆ. ಸೆಂಟಿನ ಕೈಯಿಂದ ಬೆಣ್ಣೆ ಮುಟ್ಟಬಾರದು ಅಂತ ಸೋಪು ಹಚ್ಚಿ ಬೆರಳು, ಅಂಗೈ ಚೆನ್ನಾಗಿ ತೊಳೆದು, ಉದ್ದ ಸೌಟಿನಲ್ಲೇ ಮಾಡಿದೆ. ಆದರೂ ಒಂದು ಗಂಟೆಯ ಕೆಲಸದಲ್ಲಿ ಮಣಿಕಟ್ಟಿನ ಮೇಲಕ್ಕೆ, ಮುಂಗೈಗೆಲ್ಲ ಬೆಣ್ಣೆ ಸಿಡಿದಿತ್ತು. ಸ್ನಾನಕ್ಕೆ ಹೊತ್ತಿಲ್ಲ. ಟವೆಲ್ಲಿನಲ್ಲಿ ಒರೆಸಿ, ಸೀರೆ ಸುತ್ತಿ, ಬಸ್ಸು ಹಿಡಿದೆವು.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ಕಡೆ ಬಗ್ಗಿ, "ಗುಲ್ಕನ್ ವಾಸನಿ ಬರ್ತೈತಲ್ಲ, ಬೀಡಾ ಎಲ್ಲಿ ಇಟ್ಟಾರ?" ಅಂತ ಕೇಳಿದರು. ನಾನೂ ಸುತ್ತ ನೋಡಿದೆ. ಬೀಡಾ ಇನ್ನೂ ಬಂದಿರಲಿಲ್ಲ. ಕೈ ಮೂಗಿನ ಹತ್ತಿರ ತಂದೆ. ನನ್ನ ಕೈಯೇ. ಆಗ ಮಧ್ಯಾಹ್ನ ಎರಡು ಗಂಟೆ, ಹಾಕಿಕೊಂಡು ಎಂಟು ಗಂಟೆ ಆಗಿತ್ತು. ಘಾಟಿಲ್ಲ, ಸೋಪಿಲ್ಲ. ಸಕ್ಕರೆಯಲ್ಲಿ ಬಿಸಿಲಿಗಿಟ್ಟ ಗುಲಾಬಿ ಎಸಳಿನ ಹಾಗೆ ದುಂಡಗೆ, ಬೆಚ್ಚಗೆ ಇತ್ತು. ಹಾಲಿನ ಸಿಹಿಯೂ ಸೇರಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಎಷ್ಟು ಸಲ ಮೂಸಿದೆನೋ ಲೆಕ್ಕವಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳಿಗೆ ವರ್ಷವರ್ಷ ಹೇಳಿಕೊಡುವ ಪಾಠ, ನನ್ನ ಕೈಗೆ ನಾನೇ ಹಚ್ಚಿ ನೋಡಿರಲಿಲ್ಲ. ಸೆಂಟಿನಲ್ಲಿ ಜಾಸ್ತಿ ಇರುವುದು ಆಲ್ಕೋಹಾಲ್. ಅದು ಹಾರಿಹೋಗುತ್ತದೆ. ಚರ್ಮ ಒಣಗಿದ್ದರೆ ವಾಸನೆಯ ಅಣುಗಳಿಗೂ ಹಿಡಿದುಕೊಳ್ಳೋಕೆ ಏನೂ ಇರುವುದಿಲ್ಲ, ಹಿಂದೆಯೇ ಹೋಗುತ್ತವೆ. ಜಿಡ್ಡು ಇದ್ದರೆ ಅದರಲ್ಲಿ ಕರಗಿ ಕೂತು, ನಿಧಾನಕ್ಕೆ ಹೊರಗೆ ಬರುತ್ತವೆ. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹಿಂದೆ ಗುಲಾಬಿ ಹೂವನ್ನು ಬೆಚ್ಚಗಿನ ಕೊಬ್ಬಿನಲ್ಲಿ ಅದ್ದಿ ಅದ್ದಿ ವಾಸನೆ ಹಿಡಿಸುತ್ತಿದ್ದರು. ನಮ್ಮ ದೇಶದಲ್ಲೇ, ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಆ ಹಬೆಯನ್ನು ಬಿದಿರಿನ ಕೊಳವೆಯಲ್ಲಿ ತಂದು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಾರೆ. ಎರಡು ಕಡೆಯೂ ಹೂವನ್ನು ಹಿಡಿದಿಡುವುದು ಜಿಡ್ಡೇ. ನಾನು ಒಂದು ವರ್ಷ ಯಾವುದನ್ನು ಉಜ್ಜಿ ಉಜ್ಜಿ ತೊಳೆದೆನೋ, ಈ ಸೆಂಟಿಗೆ ಬೇಕಾಗಿದ್ದು ಅದೇ.

ದಿನಾ ಬೆಣ್ಣೆ ಹಚ್ಚೋಕೆ ಆಗಲ್ಲ, ಸಂಜೆಗೆ ಹುಳಿ ವಾಸನೆ ಬರುತ್ತದೆ. ಒಂದು ವಾರ ಪರೀಕ್ಷೆ ಮಾಡಿದೆ. ಎಡಗೈಗೆ ಕೊಬ್ಬರಿ ಎಣ್ಣೆ, ಬಲಗೈ ಹಾಗೇ, ಎರಡಕ್ಕೂ ಒಂದೊಂದು ಒತ್ತು. ಬೋರ್ಡು ಒರೆಸುವ ನೆಪದಲ್ಲಿ ತಿರುಗಿ ಅರ್ಧ ಗಂಟೆಗೊಮ್ಮೆ ಮೂಸುವುದು. ಬಲಗೈದು ಐದೂವರೆಗೆ ಹೋಯಿತು. ಎಡಗೈದು ಮನೆಗೆ ಬಂದು ರಾತ್ರಿ ಅಡುಗೆಗೆ ಕೂರುವ ತನಕ ಇತ್ತು. ವ್ಯಾಸಲೀನೂ ನೋಡಿದೆ, ಉಳಿಯುತ್ತದೆ, ಆದರೆ ಸೀಮೆಸುಣ್ಣದ ಪುಡಿ ಅಂಟುತ್ತದೆ. ಕೊಬ್ಬರಿ ಎಣ್ಣೆಗೂ ತನ್ನದೇ ವಾಸನೆ ಇದೆಯಲ್ಲ ಅಂದರೆ, ಒಂದೇ ಹನಿ ಸಾಕು, ಅದು ಗುಲಾಬಿಯ ಕೆಳಗೆ ಅಡಗುತ್ತದೆ.

ಈಗ ನನ್ನ ಮಧ್ಯಾಹ್ನ ಹೀಗೆ. ಸ್ನಾನ ಮುಗಿಸಿ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಒಂದು ಹನಿ ಎಣ್ಣೆ ಅಂಗೈಯಲ್ಲಿ ತಿಕ್ಕಿ ಎರಡು ಮಣಿಕಟ್ಟಿಗೆ, ಕಿವಿಯ ಹಿಂದೆ ಸವರುವುದು. ಡಿಸೆಂಬರಿನಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಕಿರುಬೆರಳಿನ ಉಗುರಲ್ಲಿ ಕೆರೆದು ಉಸಿರಿನ ಬಿಸಿಗೆ ಕರಗಿಸಬೇಕು. ಆಮೇಲೆ ಎರಡೇ ಒತ್ತು. ಮಣಿಕಟ್ಟು ಒಂದಕ್ಕೊಂದು ಉಜ್ಜುವುದಿಲ್ಲ, ಸುಮ್ನೆ ತಾಗಿಸುವುದು. ಮಹಡಿ ಮೇಲೆ ಹೋಗಿ ಒಣಗಿದ ಬಟ್ಟೆ ತೆಗೆದು ಮಡಚಿ ತರುವಷ್ಟರಲ್ಲಿ ಘಾಟು ಹೋಗಿರುತ್ತದೆ. ಕೂದಲಿನ ಬೆಣ್ಣೆ ವಾಸನೆಯನ್ನು ಈಗ ಮೊದಲಿನಷ್ಟು ಉಜ್ಜಿ ತೆಗೆಯುವುದಿಲ್ಲ. ಸ್ವಲ್ಪ ಇದ್ದರೆ ಗುಲಾಬಿಗೆ ಆ ಗುಲ್ಕನ್ ರುಚಿ ಬರುತ್ತದೆ. ಅದೇ ಹುಡುಗಿ ಮೊನ್ನೆ, "ಮಿಸ್, ಯಾವ ಸೆಂಟು? ಅಮ್ಮನಿಗೂ ಬೇಕಂತೆ" ಅಂದಳು. ಬರೆದುಕೊಟ್ಟೆ. ಎಣ್ಣೆಯ ವಿಷಯವೂ ಬರೆದುಕೊಟ್ಟೆ.

ದಿನಕ್ಕೆ ಎರಡೇ ಒತ್ತು ಆದ ಮೇಲೆ ನಾಲ್ಕನೇ ಬಾಟಲಿ ಏಳು ತಿಂಗಳು ಬಂತು. ತಿಂಗಳಿಗೆ 43 ರೂಪಾಯಿಯ ಹತ್ತಿರ. ಆಫೀಸಿನ ಎಸಿಯಲ್ಲಿ ಕೂರುವವರಿಗೆ, ಒಣ ಚರ್ಮದ ಮೇಲೆ ಸುಮ್ನೆ ಸಿಂಪಡಿಸಿ ಓಡುವವರಿಗೆ ಇದು ಸೇರಲಿಕ್ಕಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಕಡಿಮೆ ಮಾಡಿದ ಒಂದು ಪಂಪಿಗೆ. ದಯವಿಟ್ಟು ಅದೊಂದನ್ನು ಸರಿ ಮಾಡಿ, ಇಲ್ಲ ತಿರುಗಿಸಿ ಬಿಚ್ಚುವ ಮುಚ್ಚಳ ಕೊಡಿ.

ಪಂಪು ನಿಂತ ಬಾಟಲಿಗಳನ್ನು ಎಸೆಯಲು ಹೊರಟಾಗ ಅತ್ತೆ ತಡೆದರು. "ಒಗಿಬ್ಯಾಡವಾ, ಇಲ್ಲಿ ಕೊಡು" ಅಂತ ಇಸಕೊಂಡು, ಮುಚ್ಚಳ ತೆಗೆದು, ಹಳೇ ಬಟ್ಟೆಯಲ್ಲಿ ಸುತ್ತಿ ತಮ್ಮ ಬೀರುವಿನಲ್ಲಿ ಇಳಕಲ್ ಸೀರೆಗಳ ಮಧ್ಯೆ ಇಟ್ಟಿದ್ದಾರೆ. ಪಂಪಿನ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಮೊನ್ನೆ ಸಂಕ್ರಾಂತಿಗೆ ಅವರು ಸೀರೆ ಬಿಚ್ಚಿ ಕೊಡವಿದಾಗ ರೂಮೆಲ್ಲ ಪನ್ನೀರು.