ರೌಟರ್ ಟೇಬಲ್‌ಗೆ 6 ಎಂಎಂ ಅಲ್ಯೂಮಿನಿಯಂ ಪ್ಲೇಟ್: ಕೊಳ್ಳಬಹುದು, ಆದರೆ ಸ್ಕ್ರೂ ನೋಡಿಕೊಳ್ಳಿ

ಮನೆಯಲ್ಲೇ ಮಾಡಿದ ಟೇಬಲ್‌ನ 12 ಎಂಎಂ ಪ್ಲೈವುಡ್‌ಗೆ ರೌಟರ್ (ಮರದಲ್ಲಿ ತೋಡು, ಅಂಚು ಕೊರೆಯುವ ಮಶೀನು) ನೇತುಹಾಕಿದರೆ ನಡು ಬಗ್ಗುತ್ತದೆ, ಕೊರೆದ ತೋಡಿನ ಆಳ ಒಂದೇ ಸಮ ಬರುವುದಿಲ್ಲ. ಪುಣೆಯ ಟಿಂಬರ್ ಮಾರ್ಕೆಟ್ ಕಡೆ ಸಿಗುವ ಈ ಪ್ಲೇಟ್ ಅದಕ್ಕೆ ಒಳ್ಳೆಯ ಮದ್ದು. ಬಿಟ್ (ಕೊರೆಯುವ ಅಲಗು) ಹೊರಬರುವ ನಡುವಿನ ತೂತಿಗೆ ಹಾಕುವ ರಿಂಗ್‌ಗಳೂ ಬಿಗಿಯಾಗಿ ಕೂರುತ್ತವೆ.

‘ಸಗಳ್ಯಾ ಮಶೀನಲಾ ಚಾಲತಂ’ (ಎಲ್ಲ ಮಶೀನಿಗೂ ಆಗುತ್ತದೆ) ಎಂಬ ಅಂಗಡಿಯವರ ಮಾತು ನಂಬಬೇಡಿ. ರೌಟರ್‌ನ ತಳದ ಪ್ಲಾಸ್ಟಿಕ್ ಬಿಚ್ಚಿ ಒಯ್ದು, ತೂತಿಗೆ ತೂತು ಇಟ್ಟು ನೋಡಿ.

ದೊಡ್ಡ ಕೊರತೆ ಲೆವೆಲಿಂಗ್ ಸ್ಕ್ರೂನದು, ಅಂದರೆ ಪ್ಲೇಟನ್ನು ಟೇಬಲ್ ಮಟ್ಟಕ್ಕೆ ತರುವ ಸ್ಕ್ರೂನದು. ಅದರ ಚೂಪು ತುದಿ ನೇರ ಮರದ ಮೇಲೆ ಕೂರುತ್ತದೆ. ಮಶೀನಿನ ಅದುರಿಗೆ ಗುಳಿ ಬಿದ್ದು ಪ್ಲೇಟ್ ಕೂದಲೆಳೆಯಷ್ಟು ಇಳಿಯುತ್ತದೆ. ಬಲದಿಂದ ಎಡಕ್ಕೆ ತಳ್ಳಿದ ಮರದ ಪಟ್ಟಿ ಟೇಬಲ್‌ನ ಎಡ ಅಂಚಿಗೆ ತಾಗಿ ನಿಲ್ಲುತ್ತದೆ, ನಿಂತಲ್ಲೇ ಬಿಟ್ ಸುಟ್ಟ ಕಲೆ ಹಾಕುತ್ತದೆ. ಪ್ರತಿ ಸ್ಕ್ರೂ ಅಡಿಗೆ 1.5 ಎಂಎಂ ಸ್ಟೀಲ್ ವಾಷರನ್ನು, ಸ್ಕ್ರೂ ತುದಿ ವಾಷರಿನ ತೂತಿಗೆ ಬೀಳದಂತೆ, ಅರಾಲ್ಡೈಟ್‌ನಿಂದ ಅಂಟಿಸಿ. ಟೇಬಲ್‌ನಲ್ಲಿ ಪ್ಲೇಟ್ ಕೂರುವ ಕಚ್ಚನ್ನು 8 ಎಂಎಂ ಆಳ ತೆಗೆಯಿರಿ. ಪ್ಲೇಟ್ ಮತ್ತು ಟೇಬಲ್ ಎರಡರ ಮೇಲೂ ಉಕ್ಕಿನ ಸ್ಕೇಲನ್ನು ಅಡ್ಡಲಾಗಿ ನಿಲ್ಲಿಸಿದಾಗ ಅದರಡಿ ಕಾಗದವೂ ನುಸುಳಬಾರದು.

ಟೇಬಲ್ ಮೇಲ್ಮೈ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಕೊಯ್ದ ಅಂಚಿಗೆ ಎರಡು ಕೋಟ್ ಸೀಲರ್ ಕಡ್ಡಾಯ. ಇಲ್ಲದಿದ್ದರೆ ಇಲ್ಲಿನ ಮಳೆಗಾಲಕ್ಕೆ ಅಂಚು ಉಬ್ಬಿ ಪ್ಲೇಟನ್ನು ಕಚ್ಚಿಕೊಳ್ಳುತ್ತದೆ.