ಪ್ರೊಜೆಕ್ಟರ್ ಪರವಾಗಿಲ್ಲ, ಡಬ್ಬದ ಮೇಲೆ ಬರೆದದ್ದು ಮಾತ್ರ ನಂಬಬೇಡಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ 7,500 ರೂಪಾಯಿ ಕೊಟ್ಟು ಈ ಎಲ್‌ಇಡಿ ಪ್ರೊಜೆಕ್ಟರ್ ತಂದು ಎರಡು ತಿಂಗಳಾಯಿತು. ತಂದದ್ದು ಐಪಿಎಲ್ ನೋಡಲಿಕ್ಕೆ. ಜಾಸ್ತಿ ಓಡಿದ್ದು ಏಲಿಯನ್ (ಬೇರೆ ಗ್ರಹದ ಜೀವಿಗಳ) ಸಿನಿಮಾಗಳು. ಬೇಸಿಗೆಯಲ್ಲಿ ನಮ್ಮೂರಲ್ಲಿ ಮನೆಯೊಳಗೆ ಯಾರು ಮಲಗುತ್ತಾರೆ, ಎಲ್ಲರೂ ಮಾಳಿಗೆ ಮೇಲೆಯೇ, ಹಾಗಾಗಿ ಗೋಡೆಗೆ ಬಿಳಿ ಚಾದರ ಕಟ್ಟಿ, ಒಂದು ತಾಟು ಸುಸಲಾ, ಮಿರ್ಚಿ ಇಟ್ಟುಕೊಂಡು ಕೂತರೆ ನಮ್ಮದೇ ಟಾಕೀಸು.

ಪೂರ್ತಿ ಕತ್ತಲಾದ ಮೇಲೆ ಚಿತ್ರ ಚೆನ್ನಾಗಿದೆ. ಸಂಜೆ ಬೆಳಕಿನಲ್ಲಿ ಹಚ್ಚಿದರೆ ಚಾದರ ಮಾತ್ರ ಕಾಣುತ್ತದೆ. ಡಬ್ಬದ ಮೇಲೆ 9,000 ಲ್ಯುಮೆನ್ಸ್ (ಬೆಳಕಿನ ಅಳತೆ) ಅಂತ ಇದೆ, ನಂಬಬೇಡಿ. ಪರದೆಗೆ ಎಷ್ಟು ಬೆಳಕು ಬೀಳುತ್ತದೆ ಅಂತ ತಿಳಿಯಲು ಆನ್ಸಿ ಲ್ಯುಮೆನ್ಸ್ ಕೇಳಬೇಕು. ಅದನ್ನು ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ. 4ಕೆ ಅಂದದ್ದೂ ಅಷ್ಟೇ: 4ಕೆ ವಿಡಿಯೊ ತಗೊಳ್ಳುತ್ತದೆ, ತೋರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ ಸ್ಪಷ್ಟತೆಯ 720ಪಿ. ಮೂಲೆಗಳಲ್ಲಿ ಸಬ್‌ಟೈಟಲ್ ಮಸುಕು. ಫ್ಯಾನ್ ಸದ್ದಂತೂ ಕೇಳಬೇಡಿ, ಹಾರುವ ತಟ್ಟೆ ಇಳಿಯುವ ಹೊತ್ತಿಗೆ ಸಿನಿಮಾದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರೆ ಇದೊಂದೇ ಗುಂಯ್ ಅನ್ನುತ್ತಿರುತ್ತದೆ. ಬ್ಲೂಟೂತ್ ಸ್ಪೀಕರ್ ಹಾಕಿದರೆ ತುಟಿ ಮೊದಲು, ಮಾತು ಆಮೇಲೆ. ವೈರ್ ಹಾಕಿ.

ಇನ್ನು ನಮ್ಮ ಕಾಕಾ. "ಇವೆಲ್ಲ ಸುಮ್ನ ಸಿನಿಮಾ ಅಲ್ಲೋ ತಮ್ಮಾ, ಅವರಿಗಿ ಎಲ್ಲಾ ಗೊತ್ತದ, ನಮಗ ಸಾವಕಾಶ ರೂಢಿ ಮಾಡಿಸ್ಲತ್ತಾರ" ಅಂತ ದಿನಾ ಒಂದೇ ಮಾತು. 'ಅವರು' ಅಂದರೆ ಅಮೆರಿಕ ಸರ್ಕಾರ, ಏಲಿಯನ್ ಬಂದದ್ದನ್ನು ಅದು ಮುಚ್ಚಿಟ್ಟಿದೆ ಅಂತ ಕಾಕಾನ ನಂಬಿಕೆ. 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್' ಹಾಕಿದ ದಿನ ಅವರಿಗೆ ಸಾಕ್ಷಿಯೂ ಸಿಕ್ಕಿತು. ಕೊನೆಯಲ್ಲಿ ಪೈಪ್ ಹಿಡಿದು ಒಂದು ಕ್ಷಣ ಬರುವ ಗಡ್ಡದವರು ನಟರಲ್ಲ, ಅಮೆರಿಕದ ವಾಯುಪಡೆಗೆ ವರ್ಷಗಟ್ಟಲೆ ಹಾರುವ ತಟ್ಟೆಗಳ ವಿಷಯದಲ್ಲಿ ಸಲಹೆ ಕೊಟ್ಟ ಖಗೋಳ ವಿಜ್ಞಾನಿ ಜೆ. ಆಲನ್ ಹೈನೆಕ್. ಸಿನಿಮಾದ ಹೆಸರೂ ಹಾರುವ ತಟ್ಟೆ ಕಂಡ ಪ್ರಕರಣಗಳಿಗೆ ಅವರು ಮಾಡಿದ ವರ್ಗೀಕರಣದ್ದೇ. ಕಾಕಾ ಗೆದ್ದವರ ಹಾಗೆ ಇನ್ನೊಂದು ಮಿರ್ಚಿ ತಗೊಂಡರು.

ನಾನೂ ಬಿಡಲಿಲ್ಲ, ಕೂತು ಓದಿದೆ. ಮುಚ್ಚಿಟ್ಟದ್ದು ನಿಜ, ಆದರೆ ಮುಚ್ಚಿಟ್ಟದ್ದು ವಿಮಾನ. 1955ರಲ್ಲಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರತೊಡಗಿತು, ನೆಲದಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಅದರ ರೆಕ್ಕೆಗೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಹಾರುವ ತಟ್ಟೆ ಕಂಡಿತು ಅಂತ ಜನ ದೂರು ಕೊಟ್ಟರೆ ವಾಯುಪಡೆ ಹವಾಮಾನದ ನೆಪ ಹೇಳಿ ಕಳಿಸುತ್ತಿತ್ತು. ಇದನ್ನು 1997ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಡೆಯಿಂದಲೇ ಬರೆದು ಪ್ರಕಟಿಸಿದ್ದಾರೆ. ಹಾರುವ ತಟ್ಟೆಗಳ ತನಿಖೆಗೆ ವಾಯುಪಡೆ ನಡೆಸಿ 1969ರಲ್ಲಿ ಮುಚ್ಚಿದ ಪ್ರಾಜೆಕ್ಟ್ ಬ್ಲೂ ಬುಕ್‌ನಲ್ಲಿ ಒಟ್ಟು 12,618 ವರದಿ, ಅದರಲ್ಲಿ 701 ಏನೆಂದು ಗೊತ್ತಾಗದೆ ಉಳಿದವು. "ಮತ್ತ ಆ 701?" ಅಂದರು ಕಾಕಾ. ಗೊತ್ತಾಗಲಿಲ್ಲ ಅಂದರೆ ಗೊತ್ತಾಗಲಿಲ್ಲ ಅಂತಷ್ಟೇ, ಏಲಿಯನ್ ಅಂತಲ್ಲ ಅಲ್ವಾ? ಅವರು ಒಪ್ಪಲಿಲ್ಲ.

ಒಪ್ಪಿದ್ದು ಒಂದಕ್ಕೇ. ಅದೇ 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿಟ್ಟ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ 55 ಭಾಷೆಗಳ ನಮಸ್ಕಾರ ಇದೆ, ಕನ್ನಡವೂ ಇದೆ. ಆ ದನಿಯನ್ನು ಫೋನಿನಲ್ಲಿ ಹಾಕಿ ಕೇಳಿಸಿದಾಗ ಕಾಕಾ ಮೂರು ಸಲ ಕೇಳಿದರು.

ಐದಕ್ಕೆ ಮೂರು ಸ್ಟಾರ್. ಅಂಗಡಿಯವರು ವಾರಂಟಿ ಕಾರ್ಡಿಗೆ ಸೀಲು ಹಾಕದೆ ಎರಡು ಸಲ ಓಡಾಡಿಸಿದರು, ಅಲ್ಲೇ ನಿಂತು ಹಾಕಿಸಿಕೊಳ್ಳಿ. ರಿಮೋಟಿಗೆ ಸೆಲ್ ಕೊಡುವುದಿಲ್ಲ, ಬರುವಾಗಲೇ ತಗೊಂಡು ಬನ್ನಿ.