ಎಚ್‌ಟಿ, ಎಟಿ, ಎಂಟಿ: ಲಡಾಖ್‌ಗೆ ಹೊರಟ ಜೀಪಿಗೆ ಯಾವ ಟೈರು?

ಎಚ್‌ಟಿ (ಹೈವೇ ಟೆರೇನ್) ಎಂದರೆ ಡಾಂಬರು ರಸ್ತೆಯ ಟೈರು, ಎಂಟಿ (ಮಡ್ ಟೆರೇನ್) ಕೆಸರಿನದು, ಎಟಿ (ಆಲ್ ಟೆರೇನ್) ಎಲ್ಲ ಬಗೆಯ ದಾರಿಯದು. ಮಡಿಕೇರಿಯಿಂದ ಲಡಾಖ್‌ಗೆ ಹೋಗುವ ದಾರಿಯ ಬಹುಪಾಲು ಡಾಂಬರೇ. ಕಲ್ಲು, ಹಳ್ಳದ ನೀರು ಹೆಚ್ಚಾಗಿ ಸಿಗುವುದು ಮನಾಲಿ ದಾಟಿದ ಮೇಲೆ.

ಡಾಂಬರಿನಲ್ಲಿ ಎಚ್‌ಟಿಯೇ ಮೇಲು: ಸದ್ದಿಲ್ಲ, ಮೈಲೇಜ್ ಇಳಿಯುವುದಿಲ್ಲ, ಬೆಲೆಯೂ ಕಡಿಮೆ. ಎಂಟಿ 80 ಕಿ.ಮೀ. ವೇಗದಲ್ಲಿ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ. ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾದ್ದರಿಂದ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಸಂಪಾಜೆ ಘಾಟಿಯ ಮೊದಲ ಮಳೆಯಲ್ಲೇ ಅದು ಗೊತ್ತಾಗುತ್ತದೆ.

ಕೆಸರಿನಲ್ಲಿ ಲೆಕ್ಕ ತಿರುಗುಮುರುಗು. ತೋಟದ ಕೆಮ್ಮಣ್ಣು ಎಚ್‌ಟಿಯ ಸಣ್ಣ ಸಂದುಗಳಲ್ಲಿ ತುಂಬಿಕೊಂಡು, ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಚಕ್ರ ನುಣ್ಣಗಾಗಿಬಿಡುತ್ತದೆ. ಎಂಟಿಯ ಅಗಲ ಸಂದುಗಳಿಂದ ಮಣ್ಣು ಸಿಡಿದುಹೋಗುತ್ತದೆ. ಎಟಿ ಇವೆರಡರ ನಡುವೆ; ಮಾಂದಲಪಟ್ಟಿಯ ಕಲ್ಲುದಾರಿಗೆ ಧಾರಾಳ ಸಾಕು, ಜುಲೈನ ತೋಟದ ಏರಿಗೆ ಕೆಲವೊಮ್ಮೆ ಸಾಲದು.

ಬಾಳಿಕೆಗೆ ಟೈರಿನ ಪಕ್ಕ ನೋಡಿ. ತಳಕ್ಕೆ ಮೊಳೆ ಹೊಕ್ಕರೆ ಪ್ಲಗ್ ಹಾಕಿ ಮುಂದೆ ಹೋಗಬಹುದು, ಪಕ್ಕ ಸೀಳಿದರೆ ಪ್ಲಗ್ ನಿಲ್ಲದು. ಚೂಪು ಕಲ್ಲಿಗೆ ಎಚ್‌ಟಿ ಸೋಲುವುದು ಇಲ್ಲೇ. ಕಲ್ಲುದಾರಿಯಲ್ಲಿ ಐದಾರು ಪಿಎಸ್‌ಐ ಗಾಳಿ ಇಳಿಸಿ ನಿಧಾನ ಹೋಗಿ. ಡಾಂಬರಿಗೆ ಬಂದ ಕೂಡಲೇ 12 ವೋಲ್ಟ್ ಕಂಪ್ರೆಸರ್‌ನಲ್ಲಿ ತುಂಬಿಸಿ. ಇಲ್ಲದಿದ್ದರೆ ಟೈರ್ ಕಾದು ಒಡೆಯಬಹುದು.

ಲಡಾಖ್ ಒಂದೇ ಸಲ, ಉಳಿದಂತೆ ಪೇಟೆ ಓಡಾಟವೆಂದರೆ ಎಚ್‌ಟಿ ಇರಲಿ, ಅದೇ ಸೈಜಿನ ಒಳ್ಳೆ ಸ್ಟೆಪ್ನಿ ಒಯ್ಯಿರಿ. ತೋಟದ ಮನೆ, ವರ್ಷಕ್ಕೊಂದು ದೂರದ ಪ್ರಯಾಣ ಎಂದಾದರೆ ಎಟಿ. ಮಳೆಗಾಲವಿಡೀ ಕೆಸರಲ್ಲೇ ಕೆಲಸವಿರುವವರಿಗೆ ಮಾತ್ರ ಎಂಟಿ.